ಹೋರ್ನ್ ಎಂಬ ಚಂದದ ಊರು, ನಮ್ಮ ಸೋಮಾರಿ ಮೆಚ್ಚುಗೆ

ಹೋದ ವರ್ಷ ನಮ್ಮ ಆಫೀಸಿನಲ್ಲಿ ಮ್ಯಾನೇಜರುಗಳಿಗೆಂದು ಎರಡು ದಿನದ ತರಬೇತಿ ಇಟ್ಟಿದ್ದರು. ಮೊದಲ ದಿನ ಊಟವಾದ ಮೇಲೆ, ಎಲ್ಲರ ಕಣ್ಣೂ ಎಳೆಯುವ ಹೊತ್ತಿಗೆ, ತರಬೇತಿ ಕೊಡುವವರು ಒಂದು ಸ್ಲೈಡ್ ಹಾಕಿದರು. ಹಳೆಯ ಹಾಯಿಹಡಗಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ‘ಜಗತ್ತಿನ ಮೊದಲ ಸ್ಟಾರ್ಟಪ್’. ಡಚ್ ಈಸ್ಟ್ ಇಂಡಿಯಾ ಕಂಪನಿ, ಅಂದರೆ ವಿಓಸಿ, 1602ರಲ್ಲಿ ಹುಟ್ಟಿತು, ಜನಸಾಮಾನ್ಯರಿಗೆ ಷೇರು ಮಾರಿತು, ಗೊತ್ತಿಲ್ಲದ ಸಮುದ್ರಕ್ಕೆ ಹಡಗು ಬಿಟ್ಟಿತು, ಇವತ್ತಿನ ದೊಡ್ಡ ದೊಡ್ಡ ಕಂಪನಿಗಳನ್ನೆಲ್ಲ ಸೇರಿಸಿದರೂ ಅದರ ಬೆಲೆಗೆ ಸಮ ಬರುವುದಿಲ್ಲ. ನೀವೂ ಹಾಗೇ ರಿಸ್ಕ್ ತೆಗೆದುಕೊಳ್ಳಿ, ದೊಡ್ಡದಾಗಿ ಯೋಚಿಸಿ ಎಂದರು. ಎಲ್ಲರೂ ಬರೆದುಕೊಂಡರು. ನಾನೂ ಎರಡು ಸಾಲು ಬರೆದೆ. ಆಮೇಲೆ ಪೆನ್ನು ಮುಚ್ಚಿಟ್ಟೆ. ಅದಕ್ಕೆ ಆರು ತಿಂಗಳ ಹಿಂದೆ, ಕ್ಲೈಂಟ್ ಕೆಲಸದ ಮೇಲೆ ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದಾಗ, ಒಂದು ಶನಿವಾರ ನಾನು ಹೋರ್ನ್ ಎಂಬ ಊರು ನೋಡಿ ಬಂದಿದ್ದೆ.

ಈ ಲೇಖನ ಆ ತರಬೇತಿಯವರ ಮೇಲಿನ ದೂರಲ್ಲ. ಅವರು ಎಲ್ಲರೂ ಹೇಳುವುದನ್ನೇ ಹೇಳಿದರು. ನನ್ನ ತಕರಾರು ನಮ್ಮೆಲ್ಲರ ಒಂದು ಅಭ್ಯಾಸದ ಮೇಲೆ. ನೆದರ್‌ಲೆಂಡ್ಸ್ ನೋಡಿ ಬಂದ ಕನ್ನಡಿಗರು ಬರೆಯುವ ಪ್ರವಾಸ ಕಥನ ನೀವೂ ಓದಿರುತ್ತೀರಿ. ಕಾಲುವೆ, ಟ್ಯುಲಿಪ್, ಸೈಕಲ್, ಚೀಸ್, ಗಾಳಿಯಂತ್ರ. ಕೊನೆಗೆ ಒಂದು ನಿಟ್ಟುಸಿರು: ಇಷ್ಟು ಪುಟ್ಟ ದೇಶ, ಸಮುದ್ರವನ್ನೇ ಹಿಂದಕ್ಕೆ ತಳ್ಳಿ ನೆಲ ಮಾಡಿಕೊಂಡಿತು, ಎಂಥ ಶಿಸ್ತು, ಎಂಥ ದುಡಿಮೆ, ನಮ್ಮವರು ಯಾವಾಗ ಕಲಿಯುತ್ತಾರೋ! ನಾನು ಇದನ್ನು ಗೇಲಿ ಮಾಡುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಅಂಥದ್ದೊಂದು ಬರೆದಿದ್ದೇನೆ. ಅದರಲ್ಲಿ ಚೀಸಿಗೆ ಒಂದೂವರೆ ಪುಟ ಇತ್ತು. ಆ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಹೋರ್ನ್ ಆಮ್‌ಸ್ಟರ್‌ಡ್ಯಾಮಿನಿಂದ ಉತ್ತರಕ್ಕೆ, ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. 1357ರಲ್ಲಿ ನಗರದ ಹಕ್ಕು ಪಡೆದ ಊರು. ಈಗ ಅದರ ಎದುರಿಗಿರುವುದು ಸಿಹಿನೀರಿನ ಸರೋವರ. 1932ರಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ ಮುಚ್ಚುವ ಮೊದಲು ಅದು ಝೌಡರ್‌ಜೀ ಎಂಬ ಉಪ್ಪುನೀರಿನ ಕೊಲ್ಲಿ. ಆ ನೀರಿನಿಂದಲೇ ಏಷ್ಯಾಕ್ಕೆ ಹಡಗು ಹೊರಡುತ್ತಿದ್ದವು. ವಿಓಸಿಗೆ ಆರು ಊರುಗಳಲ್ಲಿ ಶಾಖೆ ಇತ್ತು: ಆಮ್‌ಸ್ಟರ್‌ಡ್ಯಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡ್ಯಾಮ್, ಎಂಕ್‌ಹೌಜನ್, ಹೋರ್ನ್. ಕಂಪನಿಯ ಒಟ್ಟು ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಅದರಲ್ಲಿ ಹೋರ್ನಿನವರು ಹಾಕಿದ್ದು ಸುಮಾರು 2 ಲಕ್ಷ 66 ಸಾವಿರ. ಚಿಕ್ಕ ಪಾಲುದಾರ ಊರು, ಆದರೆ ಹೆಸರು ದೊಡ್ಡದು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ಗೆ ಆ ಹೆಸರು ಬಂದದ್ದು ಈ ಊರಿನಿಂದ.

ಊರು ಚಂದವೇ. ಸುಳ್ಳು ಹೇಳುವುದಿಲ್ಲ. ಬಂದರಿನ ಬಾಯಲ್ಲಿ 1532ರ ಹೋಫ್ಡ್‌ತೋರೆನ್ ಎಂಬ ಕಲ್ಲಿನ ಗೋಪುರ. ಅದರ ಹತ್ತಿರ, ಕ್ಯಾಪ್ಟನ್ ಬೊಂಟಕೂ ಹಡಗಿನ ಕಥೆಯ ಮೂವರು ಹುಡುಗರು ನೀರಿನ ಕಡೆ ನೋಡುತ್ತ ಕುಳಿತಿರುವ ಪ್ರತಿಮೆ. ಊರಿನ ನಡುವೆ ರೋಡೆ ಸ್ಟೇನ್ ಎಂಬ ಚೌಕ. ಹಾಗೆಂದರೆ ಕೆಂಪು ಕಲ್ಲು. ಹಿಂದೆ ಅಪರಾಧಿಗಳ ತಲೆ ತೆಗೆಯುತ್ತಿದ್ದ ಜಾಗ ಅದು. ಚೌಕದ ಒಂದು ಮಗ್ಗುಲಿಗೆ 1609ರ ತೂಕದ ಮನೆ. ಚೀಸನ್ನು ಅಲ್ಲಿ ತೂಗುತ್ತಿದ್ದರು, ಈಗ ಅಲ್ಲಿ ಊಟ, ಕಾಫಿ. ಎದುರಿಗೆ 1632ರ ಕಟ್ಟಡದಲ್ಲಿ ವೆಸ್ಟ್‌ಫ್ರೀಸ್ ಮ್ಯೂಸಿಯಂ, ಮುಂಭಾಗದ ತುಂಬ ಸಿಂಹಗಳು, ಊರೂರಿನ ಲಾಂಛನಗಳು. ಚೌಕದ ನಡುವೆ, ಎತ್ತರದ ಪೀಠದ ಮೇಲೆ, ಯಾನ್ ಪೀಟರ್‌ಸೋನ್ ಕೂನ್. ಹುಟ್ಟಿದ್ದು 1587ರಲ್ಲಿ, ಇದೇ ಊರಿನಲ್ಲಿ.

ಈ ಕೂನ್ ಕಡಲುಗಳ್ಳನಲ್ಲ, ಕತ್ತಿವರಸೆಯ ವೀರನೂ ಅಲ್ಲ. ಅವನು ಲೆಕ್ಕಿಗ. ಹುಡುಗನಾಗಿದ್ದಾಗಲೇ ರೋಮಿಗೆ ಹೋಗಿ, ಅಲ್ಲಿನ ವ್ಯಾಪಾರಿಯೊಬ್ಬನ ಬಳಿ ಜಮಾಖರ್ಚಿನ ವಿದ್ಯೆ ಕಲಿತವನು. ವಿಓಸಿಯಲ್ಲಿ ಮೇಲೇರಿದ್ದೂ ಲೆಕ್ಕಪತ್ರದ ಬಲದಿಂದಲೇ. ನನ್ನಂಥವರ ಜಾತಿಗೆ ಸೇರಿದವನು ಅನ್ನಿ. ಅವನು ಮೇಲಧಿಕಾರಿಗಳಿಗೆ ಬರೆದ ಕಾಗದಗಳು ಇವತ್ತಿನ ಎಸ್ಕಲೇಷನ್ ಮೇಲ್‌ಗಳ ಥರವೇ ಇರುತ್ತಿದ್ದವು: ಹಣ ಕಳಿಸಿ, ಹಡಗು ಕಳಿಸಿ, ಜನ ಕಳಿಸಿ, ನೀವು ಕಳಿಸದಿದ್ದರೆ ಇಲ್ಲಿ ಕೆಲಸ ಹೇಗೆ ನಡೆಯಬೇಕು? 1619ರಲ್ಲಿ ಜಾವಾದ ಜಯಕರ್ತ ಪಟ್ಟಣವನ್ನು ಸುಟ್ಟು, ಆ ಜಾಗದಲ್ಲಿ ಬಟಾವಿಯಾ ಕಟ್ಟಿದ. ಅದೇ ಇವತ್ತಿನ ಜಕಾರ್ತ.

ಅವನ ಪ್ರತಿಮೆಯ ಬಗ್ಗೆ ಜಗಳ ಇರುವುದು ಬಾಂಡಾದಿಂದ. ಇಂಡೊನೇಷ್ಯಾದ ಪೂರ್ವದಲ್ಲಿ, ಭೂಪಟದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಾಣುವ ಕೆಲವು ದ್ವೀಪಗಳು. ನಾವು ಪಾಯಸಕ್ಕೆ, ಹೋಳಿಗೆಯ ಹೂರಣಕ್ಕೆ ತುರಿದು ಹಾಕುವ, ಎಳೆ ಮಗುವಿಗೆ ತೇಯ್ದು ನೆಕ್ಕಿಸುವ ಜಾಕಾಯಿ ಆಗ ಲೋಕದಲ್ಲಿ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ನಮ್ಮ ಘಟ್ಟದ ರಾಮಪತ್ರೆ ಅದರ ದಾಯಾದಿ, ಆದರೆ ಅದಕ್ಕೆ ಆ ಪರಿಮಳವಿಲ್ಲ. ಬಾಂಡಾಕ್ಕೆ ರಾಜ ಇರಲಿಲ್ಲ. ಒರಾಂಗ್ ಕಾಯಾ ಎಂಬ ಊರ ಹಿರಿಯರು ಕೂತು ಮಾತಾಡಿ ತೀರ್ಮಾನ ಮಾಡುತ್ತಿದ್ದರು. ಜಾವಾದವರು, ಮಲಯದವರು, ಗುಜರಾತಿನ ಬಟ್ಟೆ ತರುವವರು, ಆಮೇಲೆ ಪೋರ್ಚುಗೀಸರು, ಇಂಗ್ಲಿಷರು, ಎಲ್ಲರಿಗೂ ಜಾಕಾಯಿ ಮಾರಿ ಅಕ್ಕಿ, ಬಟ್ಟೆ ಕೊಳ್ಳುತ್ತಿದ್ದರು.

1602ರಲ್ಲಿ ಡಚ್ಚರು ಬಂದು ಕೆಲವು ಹಿರಿಯರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು: ಇನ್ನು ಜಾಕಾಯಿಯನ್ನು ನಮಗೆ ಮಾತ್ರ ಮಾರಬೇಕು. ಇಲ್ಲಿ ಸ್ವಲ್ಪ ನಿಲ್ಲಿ. ಕಾಂಟ್ರಾಕ್ಟ್ ಓದುವುದು ನನ್ನ ಹೊಟ್ಟೆಪಾಡು. ಒಂದು ಕಡೆಯವರಿಗೆ ಓದಲು ಬಾರದ ಭಾಷೆಯಲ್ಲಿ ಬರೆದ ಕಾಗದ. ಆ ದ್ವೀಪಗಳಲ್ಲಿ ಅಕ್ಕಿ ಬೆಳೆಯುವುದಿಲ್ಲ. ಅಕ್ಕಿ ತರುವ ಜಾವಾದ ವ್ಯಾಪಾರಿಗೆ ಜಾಕಾಯಿ ಕೊಡದಿದ್ದರೆ ಅವನು ಬರುವುದಿಲ್ಲ, ಅವನು ಬರದಿದ್ದರೆ ಒಲೆ ಹೊತ್ತುವುದಿಲ್ಲ. ಡಚ್ಚರು ಬದಲಿಗೆ ತಂದದ್ದರಲ್ಲಿ ಬೆವರು ಸುರಿಯುವ ಆ ನಾಡಿಗೆ ಬೇಡವಾದ ಉಣ್ಣೆ ಬಟ್ಟೆಯೂ ಇತ್ತು. ಇಂಥ ಒಪ್ಪಂದ ಪಾಲಿಸಿದರೆ ಉಪವಾಸ, ಮುರಿದರೆ ಅಪರಾಧ. ಅದನ್ನು ಅವರು ಮುರಿದರು. ಯಾರಾದರೂ ಮುರಿಯುತ್ತಿದ್ದರು. 1609ರಲ್ಲಿ ಡಚ್ಚರು ನೈರಾ ದ್ವೀಪದಲ್ಲಿ ಕೋಟೆ ಕಟ್ಟಲು ಹೊರಟಾಗ ಬಾಂಡಾದವರು ಹೊಂಚು ಹಾಕಿ ಅವರ ಅಡ್ಮಿರಲ್ ವೆರ್‌ಹೂಫನನ್ನೂ ಅವನ ಜೊತೆಗಿದ್ದವರನ್ನೂ ಕೊಂದರು. ಅದನ್ನೂ ಮುಚ್ಚಿಡಬೇಕಿಲ್ಲ. ಕೂನ್ ಆಗ ಆ ಪಡೆಯಲ್ಲಿದ್ದ ಕಿರಿಯ ನೌಕರ.

ಹನ್ನೆರಡು ವರ್ಷದ ಮೇಲೆ, 1621ರಲ್ಲಿ, ಗವರ್ನರ್ ಜನರಲ್ ಆಗಿ ಅವನು ವಾಪಸು ಬಂದ. ಹದಿಮೂರು ದೊಡ್ಡ ಹಡಗು, ಒಂದೂವರೆ ಸಾವಿರಕ್ಕೂ ಹೆಚ್ಚು ಸಿಪಾಯಿಗಳು, ಕೂಲಿಗೆ ತಂದ ಜಪಾನಿ ಕತ್ತಿಯಾಳುಗಳು. ಲೊಂತೋರ್ ದ್ವೀಪ ಬಿತ್ತು. ಮೇ 8ರಂದು ಬಿದಿರಿನ ಬೇಲಿಯೊಳಗೆ 44 ಮಂದಿ ಹಿರಿಯರ ತಲೆಗಳನ್ನು ಆ ಕೂಲಿಯಾಳುಗಳ ಕೈಯಿಂದ ತೆಗೆಸಲಾಯಿತು. ಊರುಗಳನ್ನು ಸುಟ್ಟರು. ಬೆಟ್ಟ ಹತ್ತಿದವರು ಹಸಿವಿನಿಂದ ಸತ್ತರು, ಕೆಲವರು ಶರಣಾಗುವ ಬದಲು ಬಂಡೆಯ ಮೇಲಿಂದ ಹಾರಿದರು. ನೂರಾರು ಜನರನ್ನು ಬಟಾವಿಯಾಕ್ಕೆ ಸಾಗಿಸಿದರು. ದ್ವೀಪಗಳಲ್ಲಿ ಇದ್ದವರು ಸುಮಾರು 15,000 ಎಂದು ಅಂದಾಜು. ಅಲ್ಲಿ ಉಳಿದವರು ಒಂದು ಸಾವಿರದ ಆಸುಪಾಸು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಖಾಲಿಯಾದ ನೆಲವನ್ನು 68 ತೋಟಗಳಾಗಿ ಹಂಚಿ ಡಚ್ಚರ ಕೈಗೆ ಕೊಟ್ಟರು, ದುಡಿಯಲು ಹೊರಗಿನಿಂದ ಗುಲಾಮರನ್ನು ತಂದರು. ಪ್ರಾಜೆಕ್ಟ್ ಮುಗಿಯಿತು.

ಇದನ್ನೆಲ್ಲ ಹೇಳಿದಾಗ ನನಗೆ ಸಿಗುವ ಮೊದಲ ಉತ್ತರ: ಆ ಕಾಲವೇ ಹಾಗಿತ್ತು ಮಾರಾಯರೇ, ಇವತ್ತಿನ ಕಣ್ಣಿನಿಂದ ನಾನೂರು ವರ್ಷದ ಹಿಂದಿನದನ್ನು ಅಳೆಯಬಾರದು. ಕೇಳಲು ತೂಕದ ಮಾತು. ಆದರೆ ಸುಳ್ಳು. ಕೂನ್‌ನನ್ನು ಅವನ ಕಾಲದ ಕಣ್ಣಿನಿಂದಲೇ ಅಳೆಯೋಣ. ಅವನಿಗಿಂತ ಮೊದಲು ಗವರ್ನರ್ ಜನರಲ್ ಆಗಿದ್ದ ಲೌರೆನ್ಸ್ ರೇಯಾಲ್, ಹಿರಿಯ ಅಡ್ಮಿರಲ್ ಸ್ಟೀವನ್ ವಾನ್ ಡೆರ್ ಹಾಖನ್, ಇಬ್ಬರೂ ಈ ಏಕಸ್ವಾಮ್ಯವನ್ನು ಬಲದಿಂದ ಹೇರುವುದು ನ್ಯಾಯವಲ್ಲ, ದ್ವೀಪದ ಜನರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ ಎಂದು ವಾದಿಸಿದವರು. ಬಾಂಡಾ ದಂಡಯಾತ್ರೆಯಾದ ಮೇಲೆ ಕಂಪನಿಯದೇ ನೌಕರ ಆರ್ಟ್ ಖೈಸೆಲ್ಸ್ ಒಂದು ಮಾತು ಬರೆದಿಟ್ಟ: ನಾವು ಸ್ಪೇನಿನ ವಿರುದ್ಧ ನಮ್ಮ ನೆಲಕ್ಕಾಗಿ ಹೋರಾಡಿದ ಹಾಗೆಯೇ ಇವರೂ ತಮ್ಮ ನೆಲಕ್ಕಾಗಿ ಹೋರಾಡಿದರು ಎಂಬ ಅರ್ಥದ ಮಾತು. ಕಂಪನಿಯ ಹದಿನೇಳು ನಿರ್ದೇಶಕರು ಕೂಡ, ಇನ್ನಷ್ಟು ಮೆತ್ತಗೆ ಮಾಡಬಹುದಿತ್ತು ಎಂದರು. ಅಂದು, 1627ರಲ್ಲಿ ಅದೇ ಹುದ್ದೆಯಲ್ಲಿ ಎರಡನೇ ಸಲ ಅವನನ್ನೇ ಕೂರಿಸಿದರು. ಮೇಲಿನವರ ಇಂಥ ಬೇಸರ ಎಷ್ಟು ಅಗ್ಗ ಎಂಬುದು ಆಫೀಸಿನಲ್ಲಿ ಹತ್ತು ವರ್ಷ ಕಳೆದ ಯಾರಿಗೂ ವಿವರಿಸಬೇಕಿಲ್ಲ.

ಖೈಸೆಲ್ಸ್‌ನ ಮಾತಿಗೆ ಹೋರ್ನಿನಲ್ಲೇ ಸಾಕ್ಷಿ ಇದೆ. ಕೂನ್ ಪ್ರತಿಮೆಯಿಂದ ಬಂದರಿನ ಕಡೆ ಇಳಿದರೆ ಬೊಸ್ಸು ಮನೆಗಳು ಸಿಗುತ್ತವೆ. ಅವುಗಳ ಗೋಡೆಯ ಮೇಲೆ 1573ರ ಕದನವನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಸ್ಪೇನಿನ ದೊರೆಯ ಪರವಾಗಿ ಬಂದ ಅಡ್ಮಿರಲ್ ಬೊಸ್ಸುವನ್ನು ಈ ಊರವರು, ಸುತ್ತಲಿನವರು ಸೇರಿ ಸೋಲಿಸಿ ಸೆರೆ ಹಿಡಿದದ್ದು ಆಗಲೇ. ದೊಡ್ಡ ಸಾಮ್ರಾಜ್ಯಕ್ಕೆ ತಲೆ ಬಾಗದ ಸಣ್ಣ ಊರಿನ ಹೆಮ್ಮೆ ಅದು, ನ್ಯಾಯವಾದ ಹೆಮ್ಮೆ. ಆ ಕದನಕ್ಕೂ ಬಾಂಡಾಕ್ಕೂ ನಡುವೆ 48 ವರ್ಷ. ಸ್ವಾತಂತ್ರ್ಯ ಎಂದರೇನು ಎಂಬುದು ಇವರಿಗೆ ತಿಳಿಯದ ವಿಷಯವೇನಲ್ಲ. ಅಜ್ಜಂದಿರ ಬಾಯಿಂದ ಕೇಳಿ ಬೆಳೆದಿದ್ದರು.

ಇನ್ನು ಪ್ರತಿಮೆ. ಅದು ಕೂನ್ ಕಾಲದ್ದು ಎಂದುಕೊಂಡು ‘ಇತಿಹಾಸ ಅಳಿಸಬೇಡಿ’ ಎನ್ನುವವರು ಪೀಠದ ಹತ್ತಿರ ಹೋಗಿ ನೋಡಬೇಕು. ನಿಲ್ಲಿಸಿದ್ದು 1893ರಲ್ಲಿ, ಅವನು ಸತ್ತು 264 ವರ್ಷದ ನಂತರ. ಆಗ ಡಚ್ಚರು ಸುಮಾತ್ರಾದ ಆಚೆ ಪ್ರಾಂತ್ಯದಲ್ಲಿ ಮುಗಿಯದ ಯುದ್ಧದಲ್ಲಿದ್ದರು. ಹಳೆಯ ವೀರರು ಬೇಕಾಗಿದ್ದರು. ಬಾಂಡಾದಲ್ಲಿ ನಡೆದದ್ದು ಆಗ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಏಳು ವರ್ಷ ಮೊದಲೇ, 1886ರಲ್ಲಿ, ಬಟಾವಿಯಾದ ದಫ್ತರ ನೋಡಿಕೊಳ್ಳುತ್ತಿದ್ದ ವಾನ್ ಡೆರ್ ಕೈಸ್ ಕಂಪನಿಯದೇ ಕಾಗದಗಳಿಂದ ಆ ಕಥೆಯನ್ನು ಪುಸ್ತಕವಾಗಿ ತಂದಿದ್ದ, ಕೂನ್ ಬಗ್ಗೆ ಕಟುವಾಗಿಯೇ ಬರೆದಿದ್ದ. ಅಂದರೆ ಗೊತ್ತಿದ್ದೂ ನಿಲ್ಲಿಸಿದರು. ಪ್ರತಿಮೆ ಇತಿಹಾಸವಲ್ಲ. ಇತಿಹಾಸದಲ್ಲಿ ಯಾವುದನ್ನು ಮೇಲೆತ್ತಬೇಕು ಎಂದು ಒಂದು ಪೀಳಿಗೆ ಮಾಡಿದ ತೀರ್ಮಾನ. ಇನ್ನೊಂದು ಪೀಳಿಗೆ ಅದನ್ನು ಮತ್ತೆ ಚರ್ಚಿಸಬಹುದು. ಬಟಾವಿಯಾದಲ್ಲಿದ್ದ ಕೂನ್ ಪ್ರತಿಮೆ 1943ರಲ್ಲೇ ಹೋಯಿತು. ಅದರಿಂದ ಜಕಾರ್ತದವರು ಕೂನ್‌ನನ್ನು ಮರೆತಿಲ್ಲ.

ಹೋರ್ನಿನವರು ಚರ್ಚಿಸುತ್ತಲೂ ಇದ್ದಾರೆ. 2011ರಲ್ಲಿ ಕ್ರೇನೊಂದು ತಾಗಿ ಪ್ರತಿಮೆ ಕೆಳಗೆ ಬಿತ್ತು. ಬಿದ್ದದ್ದು ಬಿದ್ದೇ ಇರಲಿ ಎಂದರು ಕೆಲವರು. ಕೊನೆಗೆ ರಿಪೇರಿ ಮಾಡಿ ಮತ್ತೆ ನಿಲ್ಲಿಸಿದರು, ಬಾಂಡಾದ ಸಾವುಗಳನ್ನು ಹೇಳುವ ಹೊಸ ಫಲಕ ಸೇರಿಸಿದರು. 2012ರಲ್ಲಿ ಅಲ್ಲಿನ ಮ್ಯೂಸಿಯಂ ಕೂನ್ ಮೇಲೆ ಮೊಕದ್ದಮೆ ಎಂಬ ರೀತಿಯಲ್ಲಿ ಒಂದು ಪ್ರದರ್ಶನವನ್ನೇ ಮಾಡಿತು. 2020ರ ಜೂನ್‌ನಲ್ಲಿ ಅದೇ ಚೌಕದಲ್ಲಿ ಪ್ರತಿಭಟನೆ, ಪೊಲೀಸರು. ಅವನನ್ನು ಇಳಿಸಬೇಕೋ ಬಿಡಬೇಕೋ ಆ ಊರವರಿಗೆ ಬಿಟ್ಟದ್ದು; ಮದರಾಸಿನಲ್ಲಿ ಕೂತ ನಾನು ಅಪ್ಪಣೆ ಕೊಡುವವನಲ್ಲ. 2006ರಲ್ಲಿ ಅವರ ಪ್ರಧಾನಿ ಬಾಲ್ಕನೆಂಡೆ ಸಂಸತ್ತಿನಲ್ಲಿ ವಿಓಸಿ ಮನೋಭಾವವನ್ನು ಹೊಗಳಿ ಬೈಸಿಕೊಂಡರು. 2019ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂ ‘ಸುವರ್ಣಯುಗ’ ಎಂಬ ಪದವನ್ನೇ ಕೈಬಿಟ್ಟಿತು. 2022ರಲ್ಲಿ ಪ್ರಧಾನಿ, 2023ರಲ್ಲಿ ದೊರೆ, ಗುಲಾಮಗಿರಿಗೆ ಕ್ಷಮೆ ಕೇಳಿದರು. ಮೊಮ್ಮಕ್ಕಳು ನಾಚಿಕೆಯಿಂದ ಬಿಟ್ಟ ಪದವನ್ನು ನಾವು, ದೋಚಿಸಿಕೊಂಡವರ ಕಡೆಯವರು, ಎತ್ತಿಕೊಂಡು ಸ್ಲೈಡಿಗೆ ಹಾಕುತ್ತಿದ್ದೇವೆ. ನನ್ನ ಸಿಟ್ಟು ಇರುವುದು ಇಲ್ಲಿ.

ಆ ಸ್ಟಾರ್ಟಪ್ ಕಥೆ ವ್ಯಾಪಾರದ ಪಾಠವಾಗಿಯೂ ತಪ್ಪು. ವಿಓಸಿ ಪೈಪೋಟಿಯಲ್ಲಿ ಗೆದ್ದ ಕಂಪನಿಯಲ್ಲ, ಪೈಪೋಟಿಯೇ ಇಲ್ಲದ ಹಾಗೆ ಸರ್ಕಾರದಿಂದ ಸನ್ನದು ಬರೆಸಿಕೊಂಡ ಕಂಪನಿ. ಯುದ್ಧ ಮಾಡುವ, ಕೋಟೆ ಕಟ್ಟುವ, ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಆ ಸನ್ನದಿನಲ್ಲೇ ಇತ್ತು. ಇದಕ್ಕೆ ಹೋರ್ನ್ ಊರೇ ಕೊಡುವ ಉದಾಹರಣೆ ನೋಡಿ. 1615ರಲ್ಲಿ ಯಾಕೋಬ್ ಲ ಮೇರ್, ವಿಲ್ಲೆಮ್ ಸ್ಖೌಟನ್ ಎಂಬಿಬ್ಬರು, ಕಂಪನಿಯ ಏಕಸ್ವಾಮ್ಯಕ್ಕೆ ಒಳಪಡದ ಹೊಸ ದಾರಿ ಹುಡುಕಲು ಹೊರಟರು. ಹೋರ್ನಿನವರ ದುಡ್ಡು, ಹೋರ್ನಿನ ಮನುಷ್ಯ ಸ್ಖೌಟನ್. 1616ರಲ್ಲಿ ದಾರಿ ಸಿಕ್ಕಿತು, ಕೇಪ್ ಹಾರ್ನ್‌ಗೆ ಊರ ಹೆಸರಿಟ್ಟರು, ಪೆಸಿಫಿಕ್ ದಾಟಿ ಜಾವಾ ತಲುಪಿದರು. ಗೊತ್ತಿಲ್ಲದ ಸಮುದ್ರ, ರಿಸ್ಕ್, ಹೊಸ ಯೋಚನೆ ಎಲ್ಲ ಇದ್ದದ್ದು ಈ ಪ್ರಯಾಣದಲ್ಲಿ. ಅಲ್ಲಿ ಅವರ ಹಡಗನ್ನು ಕಂಪನಿಯ ಹೆಸರಿನಲ್ಲಿ ಜಪ್ತಿ ಮಾಡಿದವನು ಯಾರು? ಅದೇ ಹೋರ್ನಿನ ಕೂನ್. ಲ ಮೇರ್ ಊರಿಗೆ ಮರಳುವ ದಾರಿಯಲ್ಲಿ ತೀರಿಕೊಂಡ. ಸ್ಟಾರ್ಟಪ್ ಯಾವುದು, ಅದರ ಕತ್ತು ಹಿಸುಕಿದ್ದು ಯಾವುದು ಎಂದು ನೀವೇ ಹೇಳಿ.

ಷೇರಿನ ವಿಷಯಕ್ಕೂ ಬರೋಣ. 1610ರಲ್ಲಿ ಕಂಪನಿ ಷೇರುದಾರರಿಗೆ ಮೊದಲ ಡಿವಿಡೆಂಡ್ ಕೊಟ್ಟಿತು. ಕೈಯಲ್ಲಿ ನಗದು ಕಡಿಮೆ, ಹಾಗಾಗಿ ಕೊಟ್ಟದ್ದು ಜಾಪತ್ರೆಯಲ್ಲಿ. ಜಾಕಾಯಿಯ ಮೇಲೆ ಸುತ್ತಿಕೊಂಡಿರುವ ಆ ಕೆಂಪು ಬಲೆ, ಬಾಂಡಾದ್ದು. ಸಮುದ್ರವನ್ನೇ ಕಾಣದ ವಿಧವೆಯರು, ಬೇಕರಿಯವರು, ಮನೆಗೆಲಸದವರೂ ವಿಓಸಿ ಷೇರು ಕೊಂಡಿದ್ದರು ಎಂದು ಅಭಿಮಾನದಿಂದ ಹೇಳುತ್ತಾರೆ. ನಿಜ. ಅದೇ ಭಯಪಡಬೇಕಾದ ವಿಷಯ. ನಮ್ಮ ರಾಜರೂ ಕೊಂದರಲ್ಲ ಎನ್ನುವವರಿಗೆ ನನ್ನ ಉತ್ತರವೂ ಇದೇ. ಕೊಂದರು, ಯಾರೂ ಅವರ ಕೈ ತೊಳೆಯಬೇಕಿಲ್ಲ. ಆದರೆ ಕೊಲೆಯ ಲಾಭವನ್ನು ಸಣ್ಣ ಸಣ್ಣ ಚೂರು ಮಾಡಿ, ಒಳ್ಳೆಯ ಜನರ ಮನೆಬಾಗಿಲಿಗೆ ಪೊಟ್ಟಣ ಕಟ್ಟಿ ಮುಟ್ಟಿಸಿ, ಯಾರ ಕೈಗೂ ರಕ್ತ ತಾಗದ ಹಾಗೆ ನೋಡಿಕೊಂಡ ಏರ್ಪಾಟು ಈ ಕಂಪನಿಯದು. ಮ್ಯೂಚುವಲ್ ಫಂಡಿನಲ್ಲಿ ದುಡ್ಡು ಹಾಕಿ, ಅದು ಯಾವ ಗಣಿಗೆ, ಯಾವ ಕಾಡಿಗೆ ಹೋಗುತ್ತದೆ ಎಂದು ಕೇಳದ ನಾನು, ನೀವು, ಈ ಭಾಗವನ್ನು ಹಾರಿಸಿ ಓದುವ ಹಾಗಿಲ್ಲ.

ಇದರಿಂದ ನಮಗೇನು ಎಂದು ಇನ್ನೂ ಕೇಳುವವರಿದ್ದರೆ, ನಮ್ಮ ಮನೆಯಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರಿಗೆ ಪುಲಿಕಾಟ್ ಇದೆ, ಇಲ್ಲಿಯವರ ಪಳವೇರ್ಕಾಡು. ಮದರಾಸಿನ ಕನ್ನಡಿಗರು ರಜೆಯ ದಿನ ಹಕ್ಕಿ ನೋಡಲು ಹೋಗುತ್ತೇವೆ. 1613ರಲ್ಲಿ ಡಚ್ಚರು ಅಲ್ಲಿ ಗೆಲ್ಡ್ರಿಯಾ ಕೋಟೆ ಕಟ್ಟಿದರು. ಜಾಕಾಯಿ ದ್ವೀಪಗಳಲ್ಲಿ ಚಲಾವಣೆಯಾಗುತ್ತಿದ್ದದ್ದು ಗಿಲ್ಡರ್ ಅಲ್ಲ, ಈ ಕರಾವಳಿಯ ನೇಕಾರರ ಬಟ್ಟೆ. ಅದೇ ಬಂದರಿನಿಂದ ಬರಗಾಲದಲ್ಲಿ ತಮ್ಮನ್ನೇ ಮಾರಿಕೊಂಡವರನ್ನು, ಮಾರಲ್ಪಟ್ಟವರನ್ನು ಹಡಗು ಹತ್ತಿಸಿ ಬಟಾವಿಯಾದ ಕಡೆ ಕಳಿಸಿದರು. ನಮ್ಮ ಕರಾವಳಿಯ ಬಸರೂರಿನಲ್ಲೂ ಮುಂದೆ ಡಚ್ಚರ ಕೋಠಿ ಇತ್ತು. ಪುಲಿಕಾಟ್‌ನಲ್ಲಿ ಈಗ ಉಳಿದಿರುವುದು ಡಚ್ಚರ ಸ್ಮಶಾನ, ಅದರ ಬಾಗಿಲಲ್ಲಿ ಕೆತ್ತಿದ ಅಸ್ಥಿಪಂಜರಗಳು. ಸತ್ತ ವ್ಯಾಪಾರಿಗಳ ಹೆಸರು ಕಲ್ಲಿನ ಮೇಲೆ ಸ್ಪಷ್ಟವಾಗಿವೆ. ಹಡಗು ಹತ್ತಿದವರ ಹೆಸರಿಗೆ ಅಲ್ಲಿ ಕಲ್ಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಹೋರ್ನ್‌ಗೆ ಹೋಗಬೇಡಿ ಎನ್ನುವುದಿಲ್ಲ, ಹೋಗಿ. ಗೋಪುರ ನೋಡಿ, ಚೀಸ್ ತಿನ್ನಿ, ಬೊಸ್ಸು ಮನೆಗಳ ಕೆತ್ತನೆ ನೋಡಿ. ಬಂದು ಬರೆಯುವಾಗ ಮಾತ್ರ ಜಾಕಾಯಿಗೂ ಒಂದು ಪುಟ ಇಡಿ. ಆಫೀಸಿನಲ್ಲಿ ಯಾರಾದರೂ ಆ ಸ್ಲೈಡ್ ಹಾಕಿದರೆ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: ಬಾಂಡಾದಲ್ಲಿ ಏನಾಯಿತು? ನಾನು ಅವತ್ತು ಕೇಳಲಿಲ್ಲ. ಪೆನ್ನು ಮುಚ್ಚಿಟ್ಟು ಸುಮ್ಮನೆ ಕೂತೆ, ಸಂಜೆ ಎಲ್ಲರ ಜೊತೆ ಗ್ರೂಪ್ ಫೋಟೋಕ್ಕೂ ನಿಂತೆ. ಆ ಸುಮ್ಮನಿದ್ದದ್ದಕ್ಕೆ ಈ ಲೇಖನ.

ಕೊನೆಯದಾಗಿ ಒಂದು ಸಂಗತಿ, ನಮ್ಮಂಥ ಪರವೂರಿನ ಕನ್ನಡಿಗರಿಗೆ ವಿಶೇಷವಾಗಿ. 1621ರಲ್ಲಿ ದೋಣಿ ಹತ್ತಿ ತಪ್ಪಿಸಿಕೊಂಡ ಕೆಲವರು ಪೂರ್ವದ ಕೈ ದ್ವೀಪಗಳನ್ನು ಸೇರಿ ಎರಡು ಹಳ್ಳಿ ಕಟ್ಟಿಕೊಂಡರು, ಬಾಂಡಾ ಎಲಿ, ಬಾಂಡಾ ಎಲತ್. ಬಾಂಡಾದಲ್ಲಿ ಇವತ್ತು ಆ ಹಳೆಯ ಭಾಷೆ ಇಲ್ಲ, ಅಲ್ಲಿ ಈಗಿರುವವರು ಮಾತಾಡುವುದು ಮಲಯದ ಒಂದು ಬಗೆ. ಬಾಂಡಾದ ಭಾಷೆ ಬದುಕಿರುವುದು ಆ ಎರಡು ವಲಸೆ ಹಳ್ಳಿಗಳಲ್ಲಿ, ಊರು ಕಳೆದುಕೊಂಡವರ ಮಕ್ಕಳ ಬಾಯಲ್ಲಿ. ಅವರಿಗೆ ಚೌಕದ ನಡುವೆ ಪ್ರತಿಮೆ ಇಲ್ಲ. ಊರಿನ ಹೆಸರನ್ನು ಹಳ್ಳಿಗೆ ಇಟ್ಟುಕೊಂಡಿದ್ದಾರೆ, ಮನೆಯಲ್ಲಿ ಆ ಮಾತು ಆಡುತ್ತಾರೆ, ನಾನೂರು ವರ್ಷದಿಂದ.